ಚೆನ್ನಾಗಿ ಬಂದ ಚಿತ್ರ

"ಉಸಿರು ಬಿಗಿಹಿಡಿ ಅಂದ್ರೆ ಬಿಡ್ತೀಯಲ್ಲೇ, ಮುಂಡೆ! ಚಿತ್ರ ಅಲ್ಲಾಡಿ ಹೋಯ್ತು. ಮತ್ತೆ ನಿಲ್ಲು!"

ಗಾಜಿನ ಮರೆಯಿಂದ ಬೈದವನು ಎಕ್ಸ್‌ರೇ ಆಪರೇಟರ್. ಯಂತ್ರದ ಎರಡು ಹಲಗೆಗಳ ನಡುವೆ ಎದೆ ಸಿಕ್ಕಿಸಿಕೊಂಡು ನಿಂತಿದ್ದವಳು ನನ್ನ ಓರಗಿತ್ತಿ; ನಾನು ಅಕ್ಕ ಅಂತಲೇ ಕರೆಯುವುದು. ನಾವಿಬ್ಬರೂ ಆ ಆಸ್ಪತ್ರೆಯ ನೆಲ ಒರೆಸುವವರು. ಹೊಸ ಯಂತ್ರದ ಪರೀಕ್ಷೆಗೆ ಎದೆಯ ಬದಲು ಇಡಲೆಂದು ಬಂದಿದ್ದ ಪ್ಲಾಸ್ಟಿಕ್ ಅಚ್ಚು ಇವನ ಕೈಯಿಂದಲೇ ಬಿದ್ದು ಸೀಳಿಹೋಗಿತ್ತು. ಇನ್ನೊಂದು ಬರುವವರೆಗೆ ಕಾಯುವ ಪುರುಸೊತ್ತು ಯಾರಿಗಿದೆ? ಬಾಗಿಲಲ್ಲಿ ಬಕೆಟ್ ಹಿಡಿದು ನಾವಿದ್ದೆವಲ್ಲ!

ವಿಕಿರಣ ಇಳಿಸಿದರೆ ಚಿತ್ರ ರವೆ ಚೆಲ್ಲಿದ ಹಾಗೆ ಬರುತ್ತಿತ್ತು. ಏರಿಸಿದರೆ ಸ್ಪಷ್ಟ. ಎಲ್ಲಿಗೆ ನಿಲ್ಲಿಸಬೇಕೆಂದು ತಿಳಿಯಲು ಏರಿಸಿದರು, ಇಳಿಸಿದರು. ನನ್ನಲ್ಲಿ ನೋಡುವಂಥದ್ದೇನೂ ಇಲ್ಲವೆಂದು ಮೊದಲ ದಿನವೇ ಕಳಿಸಿಬಿಟ್ಟರು. ಅಕ್ಕನನ್ನು ಮಾತ್ರ ದಿನಾ ಕರೆದರು. ಅವಳೋ ಖುಷಿಯಾಗಿ ಹೋಗುತ್ತಿದ್ದಳು. ಅದೇ ನನ್ನ ಹೊಟ್ಟೆ ಉರಿಸಿದ್ದು.

"ಎಡಗಡೆ ಒಂದು ಗಂಟಿದೆ ಕಣೇ," ಎಂದಳು ಕುಪ್ಪಸ ಹಾಕಿಕೊಳ್ಳುತ್ತಾ. "ದಿನಾ ಕರೆಂಟು ಕೊಡ್ತಿದ್ದಾರಲ್ಲ, ಕರಗ್ತಾ ಇದೆ."

"ಅಯ್ಯೋ, ಅದು ಔಷಧಿ ಅಲ್ಲ ಅಕ್ಕಾ! ಬರೀ ಫೋಟೋ!"

"ಸುಮ್ನಿರೇ. ಪುಕ್ಕಟೆ ಸಿಕ್ಕಿದ್ದಕ್ಕೂ ಕಲ್ಲು ಹಾಕ್ಬೇಡ."

ಡಾಕ್ಟರ ಕೋಣೆಯ ಬಾಗಿಲಲ್ಲಿ ಕೈಮುಗಿದು ನಿಂತೆ. "ಸ್ವಾಮಿ, ನಮ್ಮಕ್ಕಂಗೆ ಗಂಟಿದೆಯಂತೆ. ಆ ಫೋಟೋ ನೋಡಿ ಏನೂಂತ ಹೇಳಿ."

"ಅದು ಮಿಷನ್ ನೋಡೋಕೆ ತೆಗೆದಿದ್ದು, ನಿಮ್ಮನ್ನ ನೋಡೋಕಲ್ಲ. ಚೀಟಿ ಮಾಡಿಸ್ಕೊಂಡು ಬರ್ಲಿ."

ಚಿಕಿತ್ಸೆ ಆಗಲೇ ನಡೆಯುತ್ತಿದೆಯಲ್ಲ, ಚೀಟಿ ಯಾತಕ್ಕೆ ಎಂದಳು ಅಕ್ಕ. ನಾನು ಅತ್ತುಕೊಂಡು ಬೈದೆ. ಜಗ್ಗಲಿಲ್ಲ.

ಯಂತ್ರದ ಉದ್ಘಾಟನೆಯ ದಿನ ನಡುಮನೆಯಷ್ಟು ದೊಡ್ಡ ಚಿತ್ರವೊಂದು ಹಜಾರದ ಗೋಡೆಯಲ್ಲಿ ಬೆಳಗುತ್ತಿತ್ತು. "ನಿಂದೇ ಕಣೇ, ಚೆನ್ನಾಗಿ ಬಂದಿದೆ," ಎಂದು ಆಪರೇಟರ್ ಹಲ್ಲು ಕಿರಿದಿದ್ದ. ಒರೆಸುವ ಕೋಲು ಹಿಡಿದು ಅಕ್ಕ ಬೀಗುತ್ತಿದ್ದಳು.

ಡಾಕ್ಟರು ಒಂದು ಬಿಳಿ ಚುಕ್ಕೆಗೆ ಬೆತ್ತ ಮುಟ್ಟಿಸಿದರು. "ಎಷ್ಟು ಸ್ಪಷ್ಟ ನೋಡಿ! ಇಂಥ ಗಂಟು ಇನ್ನು ನಮ್ಮ ಕಣ್ಣು ತಪ್ಪಿಸೋದಿಲ್ಲ." ಅತಿಥಿಗಳು ಚಪ್ಪಾಳೆ ತಟ್ಟಿದರು.

ಅಕ್ಕನ ಕೈ ಎಡಗಡೆಗೆ ಹೋಯಿತು. "ಹಳೇ ಫೋಟೋ ಇರ್ಬೇಕು, ಅಲ್ವೇನೇ?"

ಮೂಲೆಯಲ್ಲಿ ತಾರೀಖಿತ್ತು. ಅವಳಿಗೆ ಓದಲು ಬಾರದು. "ಇಲ್ಲ ಅಕ್ಕಾ," ಎಂದೆ. "ನಿನ್ನೆ ತೆಗ್ದಿದ್ದು."

ಅವಳು ಕೋಲು ಬಿಟ್ಟಳು. ಅತಿಥಿಗಳ ನಡುವೆ ದಾರಿ ಮಾಡಿಕೊಂಡು ಹೋಗಿ ಚಿತ್ರದ ಕೆಳಗೆ ನಿಂತು ಕುಪ್ಪಸದ ಗುಂಡಿ ಬಿಚ್ಚಿದಳು.

"ಅದು ಇಲ್ಲೈತೆ ಸ್ವಾಮಿ. ಈಗ್ಲಾದ್ರೂ ನೋಡಿ."

ಅಷ್ಟು ಹೊತ್ತು ಕಣ್ಣರಳಿಸಿ ಗೋಡೆ ನೋಡುತ್ತಿದ್ದವರೆಲ್ಲ, ಡಾಕ್ಟರೂ ಸೇರಿ, ನಾವು ಬೆಳಿಗ್ಗೆ ಒರೆಸಿದ್ದ ನೆಲ ನೋಡತೊಡಗಿದರು.