ಮರುಳು ಹೆಂಟೆ ಮತ್ತು ಮಲಾಕಿಯ ಕೋಟು

ನಾಲ್ಕು ಗಂಟೆ ಬಸ್ಸಿಗೆ ಸ್ಲೈಗೋ ಪಟ್ಟಣದ ಬಟ್ಟೆ ವ್ಯಾಪಾರಿ ಬರುತ್ತಾನೆ, ಡಿಂಪ್ನಾಳಿಂದ ಮದುವೆಗೆ ಹೂಂ ಅನ್ನಿಸಿಕೊಂಡೇ ಹೋಗುತ್ತಾನೆ. ಈ ಸುದ್ದಿ ಮಲಾಕಿಯ ಕಿವಿಗೆ ಬಿದ್ದದ್ದು ಮೂರೂಕಾಲಿಗೆ. ಹನ್ನೊಂದು ವರ್ಷ ಅವಳನ್ನು ನೆನೆದು ಮನಸ್ಸಿನಲ್ಲೇ ಮಂಡಿಗೆ ತಿಂದಿದ್ದ ಮಹಾನುಭಾವ ಗುದ್ದಲಿ ಎಸೆದು, ಕೋಟು ಸಿಕ್ಕಿಸಿಕೊಂಡು ಅವಳ ಮನೆಗೆ ಹೊರಟ. ರಸ್ತೆ ಹಿಡಿದರೆ ಸುತ್ತು. ಕೋಟೆದಿಬ್ಬದ ಹೊಲ ದಾಟಿದರೆ ಹತ್ತೇ ನಿಮಿಷ.

ಆ ಹೊಲದಲ್ಲಿ ದಿಬ್ಬದೊಳಗಿನ ಮಾಯಾವಿ ಪುಟ್ಟ ಜನ ಇಟ್ಟ ಮರುಳು ಹೆಂಟೆಯಿದೆ, ಅದನ್ನು ತುಳಿದವನಿಗೆ ದಾರಿ ಕಾಣುವುದಿಲ್ಲ, ಕೋಟನ್ನು ಒಳಮಗ್ಗುಲು ಹೊರಗಾಗಿ ತಿರುವಿ ತೊಟ್ಟರೆ ಮಾತ್ರ ಬಿಡುಗಡೆ ಎಂದು ಗಾರ್ಟ್‌ನಶೀ ಊರಿಗೂರೇ ನಂಬಿತ್ತು. ನಂಬದವನು ಮಲಾಕಿಯೊಬ್ಬ. ಡಿಂಪ್ನಾಳ ಅಪ್ಪ ಅಲ್ಲಿ ಅರ್ಧ ದಿನ ಸುತ್ತಿ ಬಂದಾಗ, "ಅದು ಹೆಂಟೆ ಅಲ್ಲ ಕಣ್ರೋ, ಆರನೇ ಗ್ಲಾಸು" ಎಂದು ಪಬ್ಬಿನಲ್ಲಿ ಎಲ್ಲರನ್ನೂ ನಗಿಸಿದ್ದ. ಅಂದಿನಿಂದ ಡಿಂಪ್ನಾ ಅವನೊಡನೆ ಮಳೆ ಬಿಸಿಲು ಬಿಟ್ಟು ಬೇರೇನೂ ಮಾತಾಡಿರಲಿಲ್ಲ.

ಕಲ್ಲುಗೋಡೆ ಹತ್ತಿ ಇಳಿದ. ಎದುರಿಗೆ ಗೇಟಿರಬೇಕಿತ್ತು, ಗೋಡೆಯಿತ್ತು. ಗೋಡೆ ಹಿಡಿದು ನಡೆದರೆ ಒಂಟಿ ಮುಳ್ಳುಮರ. ಇನ್ನೊಂದು ಸುತ್ತು ಬಂದರೂ ಅದೇ ಮುಳ್ಳುಮರ. ಮೂರನೇ ಸಲ ಅಲ್ಲಿ ಮೇಯುತ್ತಿದ್ದ ಹಸು ಕನಿಕರದಿಂದ ನೋಡಿತು. ಅಷ್ಟರಲ್ಲಿ ನಾಲ್ಕರ ಬಸ್ಸಿನ ಹಾರ್ನ್ ಕೇಳಿಸಿತು.

ಕೋಟೇನೋ ತಿರುವಬಹುದು. ಆದರೆ ಒಳಗಿನ ಅಸ್ತರು ಹರಿದಾಗ ಅವನೇ ಅಡುಗೆಮನೆಯ ಹಳೇ ಪರದೆ ಕತ್ತರಿಸಿ ಹೊಲಿದಿದ್ದ, ಅದರ ತುಂಬ ಹಳದಿ ಬಾತುಕೋಳಿಗಳು. ಊರು ನಕ್ಕೂ ನಕ್ಕೂ ಸಾಯುತ್ತದೆ. ನಗಲಿ! ಡಿಂಪ್ನಾ ಇಲ್ಲದ ಊರಿನಲ್ಲಿ ಮಾನ ಕಟ್ಟಿಕೊಂಡು ಏನಾಗಬೇಕಿದೆ? ತಿರುವಿ ತೊಟ್ಟ. ಗೇಟು ಮೂಗಿನ ಮುಂದೆಯೇ ಇತ್ತು.

ಡಿಂಪ್ನಾಳ ಬಾಗಿಲಲ್ಲಿ ಆಗಲೇ ವ್ಯಾಪಾರಿ ನಿಂತಿದ್ದ, ಕೈಯಲ್ಲಿ ಕೇಕು.

"ಯಾರ್ರೀ ಇವ್ನು? ಸರ್ಕಸ್‌ನೋನಾ?" ಎಂದು ನಕ್ಕ.

ಡಿಂಪ್ನಾ ನಗಲಿಲ್ಲ. "ಯಾವ ಕಡೆಯಿಂದ ಬಂದೆ ಮಲಾಕಿ?"

"ಕೋಟೆದಿಬ್ಬದ ಕಡೆಯಿಂದ. ನಿಮ್ಮಪ್ಪ ಹೇಳಿದ್ದು ನಿಜ ಕಣೆ. ತಪ್ಪು ನಂದೇ."

ಒಲೆಯ ಪಕ್ಕದಿಂದ ಅವಳ ಮುದಿ ಅಪ್ಪನ ದನಿ ಬಂತು: "ಎಷ್ಟನೇ ಗ್ಲಾಸಲ್ಲೋ?"

"ಬರೀ ಮಜ್ಜಿಗೆ ಕುಡಿದಿದ್ದೆ ಯಜಮಾನ್ರೇ."

ಮುದುಕ ಕೆಮ್ಮು ಬರುವಷ್ಟು ನಕ್ಕ. ಡಿಂಪ್ನಾ ವ್ಯಾಪಾರಿಯ ಕಡೆ ತಿರುಗಿದಳು.

"ಬಸ್ಸು ಐದಕ್ಕೆ ವಾಪಸ್ ಹೋಗತ್ತೆ. ಬೇಜಾರು ಮಾಡ್ಕೋಬೇಡಿ. ರಸ್ತೆ ಮೇಲೇ ಹೋಗಿ, ಹೊಲ ಗಿಲ ಹೊಕ್ಕೀರಿ, ಜೋಕೆ."

ಮಲಾಕಿ ಕೋಟು ಸರಿಮಾಡಿಕೊಳ್ಳಲು ಹೋದ. ಅವಳು ತೋಳು ಹಿಡಿದು ಒಳಗೆಳೆದಳು.

"ಹಾಗೇ ಇರ್ಲಿ ಬಿಡು. ನೀನು ಮತ್ತೆ ದಾರಿ ತಪ್ಪಿದ್ರೆ, ಇನ್ನೊಂದು ಹನ್ನೊಂದು ವರ್ಷ ಕಾಯೋಕೆ ನನ್ನ ಕೈಲಾಗಲ್ಲ."