ಗುರುಪುತ್ರಪ್ಪ ಸರ್ ಇಟ್ಟ ಹೆಸರು

ಬೆಳಗಾವಿಯ ಉದ್ಯಮಬಾಗದ ಎರಕದ ಕಾರ್ಖಾನೆಯೊಂದರಲ್ಲಿ ಪಾಯಪ್ಪನ ಬಲಗೈ ಯಂತ್ರಕ್ಕೆ ಸಿಕ್ಕಾಗ ಹತ್ತಿರದಲ್ಲೇ ಇದ್ದವಳು ನಿಖಿತಾ. ನಂದಗಡದವಳು, ಇಪ್ಪತ್ತೆರಡು ವರ್ಷ. ತಯಾರಾದ ಬಿಡಿಭಾಗಗಳನ್ನು ಪರೀಕ್ಷಿಸುವುದು ಅವಳ ಕೆಲಸ. ಕೆಲಸ ಬೇಗ ಸಾಗಲೆಂದು ಕೈ ಒಳಗೆ ಸಿಗದಂತೆ ಆ ಯಂತ್ರಕ್ಕೆ ಹಾಕಿದ್ದ ಜಾಳಿಗೆಯನ್ನು ಬಿಚ್ಚಿಟ್ಟು ತಿಂಗಳಾಗಿತ್ತು. ಮತ್ತೆ ಹಾಕಿಸಿರೆಂದು ಅವಳು ಮೇಲಿನವರಿಗೆ ಎರಡು ಸಲ ಹೇಳಿದ್ದಳು.

ಸಂಜೆ ಖಾನಾಪುರದ ಬಸ್ ನಿಲ್ದಾಣದಲ್ಲಿ ನಿಂತು, ರಕ್ತ ಮೆತ್ತಿದ ವೇಲಿನಲ್ಲೇ ಮೊಬೈಲಿಗೆ ಮಾತಾಡಿ, ಆ ವಿಡಿಯೊ ಎಲ್ಲರಿಗೂ ಕಾಣುವಂತೆ ಹಾಕಿದಳು. “ಜಾಳಿಗಿ ಹಾಕ್ರಿ ಅಂದ್ರ ನಕ್ಕರು. ಇವತ್ತ ಪಾಯಪ್ಪಣ್ಣನ ಕೈ ಹೋತು. ನಾಳೆ ಯಾರದು? ಇಂಥ ಕಾರ್ಖಾನಿಗೆ ಬೆಂಕಿ ಹಚ್ಚಬೇಕು.”

ಗುರುಪುತ್ರಪ್ಪ ಅವಳಿಗೆ ಅಕ್ಷರ ಕಲಿಸಿದ ಮಾಸ್ತರರು, ಈಗ ನಿವೃತ್ತರು. ಮರುದಿನ ಊಟ ಮುಗಿಸಿ ಆ ವಿಡಿಯೊವನ್ನು ತೂಕಡಿಸುತ್ತಲೇ ನೋಡಿದರು. ಊರಿನ ಫೇಸ್‌ಬುಕ್ ಗುಂಪಿಗೆ ಹಾಕಿ, “ನಮ್ಮೂರಲ್ಲೂ ಒಬ್ಬ ಭಯೋತ್ಪಾದಕಿ ಹುಟ್ಟಿದ್ದಾಳೆ, ಎಚ್ಚರ” ಎಂದು ಬರೆದು, ಅಡ್ಡಾದರು.

ಅವರು ಏಳುವಷ್ಟರಲ್ಲಿ ಯಾರೋ ವಿಡಿಯೊದ ಕೊನೆಯ ಮಾತೊಂದನ್ನೇ ಕತ್ತರಿಸಿ, ಸರ್ ಬರೆದ ಸಾಲಿನ ಜೊತೆ ಬೆಳಗಾವಿಯ ತುಂಬ ಹರಡಿದ್ದರು. ಕಾರ್ಖಾನೆ ಅವಳನ್ನು ಗೇಟಿನಲ್ಲೇ ತಡೆಯಿತು. ಪೊಲೀಸರು ಮೊಬೈಲ್ ಇಟ್ಟುಕೊಂಡು ಹತ್ತೊಂಬತ್ತು ದಿನ ಠಾಣೆಗೆ ಅಲೆಸಿದರು. ಇಪ್ಪತ್ತನೆಯ ದಿನ ಅಧಿಕಾರಿ ಮೊಬೈಲನ್ನು ಮೇಜಿನ ಮೇಲೆ ಸರಿಸಿದ.

“ಏನೂ ಸಿಕ್ಕಿಲ್ಲ. ಹೋಗವಾ.”

“ಅಷ್ಟ ಬರದ ಕೊಡ್ರಿ ಸಾಹೇಬ್ರ.”

“ಏನಂತ ಬರೀಲಿ? ಈಕಿ ಭಯೋತ್ಪಾದಕಿ ಅಲ್ಲ ಅಂತ? ಹಂಗ ಯಾರಿಗೂ ಬರದ ಕೊಡಾಕ ಬರಂಗಿಲ್ಲ.”

ನಡೆದದ್ದನ್ನು ಪಾಯಪ್ಪನಾದರೂ ಹೇಳಲಿ ಎಂದು ಅವನ ಮನೆಗೆ ಹೋದಳು. ಹೆಂಡತಿ ಜಿನಮತಿ ಹೊಸ್ತಿಲಲ್ಲೇ ನಿಂತಳು. ಒಳಗೆ ಪಾಯಪ್ಪ ಎಡಗೈಯಲ್ಲಿ ಅನ್ನ ಕಲಸುತ್ತಿದ್ದ. ತಲೆಯೆತ್ತಲಿಲ್ಲ.

“ಇವರಿಗೆ ಗೇಟ್ ಕಾಯೂ ಕೆಲಸ ಕೊಟ್ಟಾರ,” ಎಂದಳು ಜಿನಮತಿ. “ನಿನ್ನ ವಿಡಿಯೊ ಸುಳ್ಳು ಅಂತ ಸಹಿ ಮಾಡಿ ಕೊಟ್ಟೀವಿ. ಇನ್ನ ಈ ಕಡೆ ಬರಬ್ಯಾಡ ತಂಗಿ.”

ಅಲ್ಲಿಂದ ಊರಿಗೆ ಬಂದವಳು ನೇರ ಗುರುಪುತ್ರಪ್ಪನವರ ಮನೆಗೆ ನಡೆದಳು. ಅವರು ಕುರ್ಚಿ ತೋರಿಸಿದರು, ಚಹಾ ತರಿಸಿದರು.

“ಬೈಯೂದಿದ್ದರ ನನ್ನ ಕರದು ಬೈಬೇಕಿತ್ರಿ ಸರ್. ಇದ್ಯಾಕ ಬರದ್ರಿ?”

“ಅದೊಂದು ಮಾತವಾ. ಎಲ್ಲಾರೂ ಅಂತಾರ, ನಾನೂ ಅಂದೆ. ನೀ ಮನಸಿಗೆ ಹಚ್ಚಿಕೋಬ್ಯಾಡ.”

“ಅಳಿಸ್ರಿ ಸರ್.”

“ನನಗ ಬರಂಗಿಲ್ಲ. ನೀನ ಅಳಿಸು,” ಎಂದು ಮೊಬೈಲ್ ಕೊಟ್ಟರು.

ಅವಳು ಅಳಿಸಿದಳು. ಗುಂಪಿನವರಿಗೂ ಅದು ಕಾಣದಂತಾಯಿತು. ಬೇರೆಡೆ ಹರಡಿದ್ದು ಹಾಗೇ ಇರುತ್ತದೆಂದು ಗೊತ್ತಿದ್ದರೂ, ಎಷ್ಟೋ ದಿನಗಳ ಮೇಲೆ ಮೊದಲ ಸಲ ಅವಳಿಗೆ ಹಸಿವಾಯಿತು. ಕಾಲು ಮುಟ್ಟಿ ನಮಸ್ಕರಿಸಿ ಹೊರಟಳು. ಸರ್ ತಲೆಯ ಮೇಲೆ ಕೈಯಿಟ್ಟು “ಚಲೋ ಆಗ್ಲಿ” ಎಂದರು.

ಸಂಜೆ ಗುಂಪಿನಲ್ಲಿ ಯಾರೋ ಕೇಳಿದರು: “ಸರ್, ಹೆದರಿ ಅಳಿಸಿದ್ರೇನು?”

ಹೆದರಿದೆ ಎನ್ನಿಸಿಕೊಳ್ಳುವುದು ಗುರುಪುತ್ರಪ್ಪನವರಿಗೆ ಆಗಲಿಲ್ಲ. ಬರೆದರು: “ನಾನಲ್ಲ. ಆಕೆಯೇ ಮನೆಗೆ ನುಗ್ಗಿ ಮೊಬೈಲ್ ಕಸಿದು ಅಳಿಸಿದಳು. ನಾನು ಹೇಳಿದ್ದು ಸುಳ್ಳಾಯಿತೇ?”

ಮೊದಲಿಗಿಂತ ಇದು ಬೇಗ ಹರಡಿತು. ಬೆಳಿಗ್ಗೆ ನಿಖಿತಾಳ ಮನೆ ಮುಂದೆ ಪೊಲೀಸ್ ಜೀಪು ಬಂದು ನಿಂತಿತು. ತಾಯಿ ಬಸವಣ್ಣೆವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಹಿಟ್ಟಿನ ಕೈಯಲ್ಲೇ ಮಗಳನ್ನು ನೋಡಿದಳು.

“ಖರೇ ಹೇಳು,” ಎಂದಳು. “ಸರ್ ಯಾಕ ಸುಳ್ಳ ಹೇಳ್ತಾರ?”

ನಿಖಿತಾ ಚಪ್ಪಲಿ ಮೆಟ್ಟಿಕೊಂಡು ಜೀಪು ಹತ್ತಿದಳು.