ಶಾಯಿ ಕುಡಿಯುವ ಅಕ್ಷರಗಳು

ಪ್ರಿಂಟರ್ ಒಂದು ಹಾಳೆಯನ್ನು ಅರ್ಧ ಹೊರಗೆ ಚಾಚಿ, ಕೆಂಪು ದೀಪ ಮಿಟುಕಿಸತೊಡಗಿತು. ಶಾಯಿ ತಳ ಕಂಡಿತ್ತು. ಅಕ್ಕ ತಲೆಯ ಮೇಲೆ ಕೈಹೊತ್ತಳು.

"ಅಯ್ಯೋ, ಇವತ್ತೇ ಆಗಬೇಕಿತ್ತಾ ಇದಕ್ಕೆ!"

ಔಷಧಿ ಅಂಗಡಿಯಲ್ಲಿ ದಿನವಿಡೀ ನಿಂತು ದುಡಿಯುವ ಅವಳು ಬಿಡುವು ಕದ್ದು ಬರೆದ ಮೊದಲ ನಾಟಕವದು. ಸಂಜೆ ರಂಗತಂಡದವರು ಸೇರಿ ಓದುವವರಿದ್ದರು. ಅವರು ಹೂಂ ಅಂದರೆ ನಾಟಕ ರಂಗವೇರುತ್ತದೆ. ಉಹೂಂ ಅಂದರೆ ಮತ್ತೆ ಕಪಾಟು ಸೇರುತ್ತದೆ. ಬೆಳಿಗ್ಗೆ ಅದೇನು ತಲೆಗೆ ಹೊಕ್ಕಿತೋ, ಕೊನೆಯ ಅಂಕವನ್ನು ಬುಡಸಮೇತ ಬದಲಾಯಿಸಿಬಿಟ್ಟಿದ್ದಳು. ಅದರ ಪ್ರತಿ ಎಲ್ಲ ಪಾತ್ರಧಾರಿಗಳಿಗೂ ಬೇಕು. ರಜೆಯ ದಿನ, ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು.

ಬೋರ್ಡ್ ಬರೆಯುವ ತಮ್ಮ, ಮೊಣಕೈಗೆ ಅಂಟಿದ್ದ ನೀಲಿ ಬಣ್ಣವನ್ನು ಉಜ್ಜುತ್ತ ಒಳಬಂದ.

"ಎಲ್ಲರ ಫೋನಿಗೂ ಕಳಿಸಿಬಿಡು, ಆಯ್ತಪ್ಪ."

"ಕೈ ಬೀಸಿ ಬೀಸಿ ಓದೋ ಜನ ಕಣೋ ಅವರು. ಫೋನ್ ಯಾರ ಮೂಗಿಗೆ ಹಾರುತ್ತೋ!"

ಅವನು ನಕ್ಕು, ಬಂದಷ್ಟು ಹಾಳೆಯನ್ನೇ ಎಳೆದು ನೋಡಿದ. ಮತ್ತೂ ನಕ್ಕ.

"ಇದೇನಕ್ಕಾ, ನಾಟಕಾನೋ ಅಂಗಡಿ ಬೋರ್ಡೋ? ಒಂದೊಂದು ಅಕ್ಷರಾನೂ ಹೊಟ್ಟೆ ಬಿರಿಯ ಉಂಡು ಕೂತಿದೆ!"

"ಗಟ್ಟಿಯಾಗಿ ಕಾಣ್ಲಿ ಅಂತ ಹಾಕ್ದೆ."

"ಅದಕ್ಕೇ ಶಾಯಿ ಗಟಗಟ ಕುಡಿದಿದೆ. ದಪ್ಪಕ್ಕೆ ಬರೆದ್ರೆ ನನ್ನ ಬಣ್ಣದ ಡಬ್ಬಿ ಅರ್ಧ ಬೋರ್ಡಿಗೇ ಖಾಲಿ. ಅದೇ ಮಾತು ತೆಳ್ಳಗೆ ಬರೆದ್ರೆ ಇನ್ನೊಂದು ಬೋರ್ಡಿಗೂ ಉಳಿಯುತ್ತೆ. ಅಕ್ಷರ ಬದಲಾಯಿಸು!"

ಅಕ್ಕ ದಡಬಡಿಸಿ ಕುರ್ಚಿ ಎಳೆದಳು. ಇಬ್ಬರೂ ತಲೆಗೆ ತಲೆ ತಾಗಿಸಿ ಒಂದೊಂದೇ ಫಾಂಟ್ ಹಾಕಿ ನೋಡಿದರು. ಒಂದರಲ್ಲಿ ಒತ್ತಕ್ಷರಗಳು ಕಲಸಿಹೋದವು, ಇನ್ನೊಂದು ಮದುವಣಗಿತ್ತಿಯಂತೆ ಬಳುಕಿತು. ಕೊನೆಗೊಂದು ಸಿಕ್ಕಿತು: ತಂತಿಯಂಥ ತಲೆಕಟ್ಟು, ಸ್ಪಷ್ಟವಾದ ಒತ್ತು, ಎಲ್ಲೂ ಮಾಂಸವಿಲ್ಲ.

ಅವಳು ಕಂಪ್ಯೂಟರ್ ಪರದೆಯತ್ತ ಬಾಗಿದಳು. ದಪ್ಪ ಕಪ್ಪಿನ ಮರೆಯಲ್ಲಿ ಎಷ್ಟು ಗತ್ತಾಗಿದ್ದವು ಈ ಮಾತುಗಳು! ಈಗ ಬರಿಮೈಯಲ್ಲಿ ನಿಂತಂತಿದ್ದವು. ಅಳುಕುತ್ತಲೇ ಒಂದು ಮಾತನ್ನು ಬಾಯ್ಬಿಟ್ಟು ಓದಿದಳು. ಮತ್ತೊಂದನ್ನು ಓದಿದಳು. ಮಾತು ಬೀಳಲಿಲ್ಲ, ನಿಂತಿತು.

"ಪ್ರಿಂಟ್ ಗುಂಡಿ ಒತ್ತು!" ಎಂದ ತಮ್ಮ.

ಪ್ರಿಂಟರ್ ಕೆಮ್ಮಿತು, ಗೊಣಗಿತು, ಒಂದು ಹಾಳೆ ಉಗುಳಿತು. "ಬಂತು!" ಎಂದು ಇಬ್ಬರೂ ಕೂಗಿದರು. ಇನ್ನೊಂದು ಬಂತು, ಮತ್ತೂ ಬಂತು. ಕೆಂಪು ದೀಪ ಮಿಟುಕುತ್ತಲೇ ಇತ್ತು, ಹಾಳೆಗಳು ಬರುತ್ತಲೇ ಇದ್ದವು. ಅಕ್ಕ ಸಣ್ಣ ಹುಡುಗಿಯ ಹಾಗೆ ಕುಣಿದಳು. ಕಟ್ಟಕಡೆಯ ಪ್ರತಿಯ ಕಟ್ಟಕಡೆಯ ಪುಟದಲ್ಲಿ ಮಾತ್ರ ಅಕ್ಷರಗಳು ಬೂದಿಬಣ್ಣಕ್ಕೆ ತಿರುಗಿ, ಕೆಳಗಿಳಿದಂತೆ ಮಸುಕಾಗಿದ್ದವು. ಮತ್ತೆ ಗುಂಡಿ ಒತ್ತಿದರೆ ಬಿಳಿ ಹಾಳೆಯೇ ಬಂತು.

"ಓದೋಕಾಗುತ್ತೆ ಬಿಡು. ಓಡು, ಹೊತ್ತಾಯ್ತು!"

ತಂಡದ ಕೊಠಡಿ ಆಗಲೇ ತುಂಬಿತ್ತು. ಅವಸರದಲ್ಲಿ ಹಂಚುವಾಗ ಆ ಮಸುಕು ಪ್ರತಿ ಗುಡುಗಣ್ಣನ ಕೈಸೇರಿತು. ತಂಡದ ಹಿರಿಯ ನಟ. ನೀರು ಕೇಳಿದರೂ ಬೀದಿಗೆಲ್ಲ ಕೇಳಿಸುವ ಗಂಟಲು. ಕೊನೆಯ ಮಾತು ಅವನದೇ, ಮಗಳ ಕ್ಷಮೆ ಕೇಳುವ ತಂದೆಯದು. ಅಕ್ಕ ಗಮನಿಸುವಷ್ಟರಲ್ಲಿ ಓದು ಶುರುವಾಗಿತ್ತು.

ಓದು ಆ ಮಸುಕು ಪುಟಕ್ಕೆ ಬಂತು. ಗುಡುಗಣ್ಣ ಎಂದಿನಂತೆ ಗುಡುಗಿಯೇ ಶುರುಮಾಡಿದ. ಮುಂದಿನ ಸಾಲಿಗೆ ಕನ್ನಡಕ ಸರಿಪಡಿಸಿಕೊಂಡ. ಹಾಳೆಯನ್ನು ಕಣ್ಣಿನ ಹತ್ತಿರ ತಂದ. ಅಕ್ಷರ ತಡಕುತ್ತ ತಡಕುತ್ತ ದನಿ ಇಳಿಯಿತು. ಒಂದೊಂದು ಪದವೂ, ನಿಜಕ್ಕೂ ಮಗಳೆದುರು ನಿಂತ ತಂದೆಯದೇ ಎಂಬಂತೆ, ತಡೆದು, ಅಂಜಿ ಹೊರಬಂತು.

ಅಕ್ಕನ ಹಿಂದೆಯೇ ಬಂದಿದ್ದ ತಮ್ಮ ಬಾಗಿಲಲ್ಲಿ ನಿಂತವನು ನಿಂತೇ ಇದ್ದ. ಫ್ಯಾನ್ ತಿರುಗುವ ಸದ್ದೂ ಹೆಚ್ಚೆನಿಸಿ ಯಾರೋ ಎದ್ದು ಆರಿಸಿದರು. ಎಲ್ಲರೂ ಕುರ್ಚಿಯ ಅಂಚಿಗೆ ಸರಿದು, ಗುಡುಗಣ್ಣನ ತುಟಿಯತ್ತ ಬಾಗಿದರು.